ಉಳಿದ ಐವತ್ತೊಂದು

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಠಾಣೆಗೆ ದೂರು ಬಂತು. ತಂದವನು ಐಸ್ ಕಾರ್ಖಾನೆ ಯಜಮಾನರ ಅಳಿಯ, ಅಲ್ಲಿನ ಮ್ಯಾನೇಜರ್. ಐಸ್ ಕಟ್ಟಿಸುವ ಅಮೋನಿಯಾ ಅನಿಲ ಸೋರಿ, ಐಸ್ ಗಡ್ಡೆ ಹೊರುವ ಹೆಂಗಸೊಬ್ಬಳು ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದಳು. ಅಳಿಯ ಮೇಜಿನ ಮೇಲೆ ವಾರವಾರದ ಸೋರಿಕೆಯ ನಕ್ಷೆ ಹಾಸಿದ.

"ನಮ್ಮ ಮೆಕ್ಯಾನಿಕ್ ಹೆಚ್ಚು ಹೊತ್ತು ದುಡಿದ ವಾರ ಸೋರಿಕೆ ಹೆಚ್ಚು ಮೇಡಂ. ಎರಡರ ಸಹಸಂಬಂಧ, ಅಂದ್ರೆ ಕೋರಿಲೇಷನ್, ಸೊನ್ನೆ ಪಾಯಿಂಟ್ ಏಳು. ಇನ್ನೇನು ಬೇಕು?"

ಬಡವನ ಕಡೆ ಬೆರಳು ತೋರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಈಗ ಆ ಬೆರಳಿಗೊಂದು ನಕ್ಷೆಯೂ ಸಿಕ್ಕಿತ್ತು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಮೆಕ್ಯಾನಿಕ್‌ನನ್ನು ಕರೆಸಿದರು. ಕಂಪ್ರೆಸರ್ ಕೋಣೆಯ ಅವನ ಬೀಗದಕೈಯನ್ನು ವಶಕ್ಕೆ ಪಡೆದರು.

"ಸೋರಿದಾಗೆಲ್ಲ ನೀನೇ ಯಾಕಿರ್ತೀಯ?"

"ಸೋರಿದ್ರೆ ಕರೀತಾರಲ್ಲಮ್ಮ. ಹೆಣ ಬಿದ್ದಲ್ಲೆಲ್ಲ ನೀವೂ ಇರ್ತೀರ."

ದಫೇದಾರ ಕೈ ಎತ್ತಿದ. ಇನ್‌ಸ್ಪೆಕ್ಟರ್ ತಡೆದರು. "ಬಿಡ್ರಿ, ಸರಿಯಾಗೇ ಹೇಳ್ದ. ಆ ಪಾಯಿಂಟ್ ಏಳನ್ನ ಅದರಿಂದಲೇ ಗುಣಿಸಿ."

"ನೂರಕ್ಕೆ ನಲವತ್ತೊಂಬತ್ತು," ದಫೇದಾರ ಲೆಕ್ಕ ಹಾಕಿ ಹೇಳಿದ.

"ಸೋರಿಕೆಯ ಏರಿಳಿತದಲ್ಲಿ ಇವನ ದುಡಿಮೆ ಜೊತೆ ಹೊಂದೋದು ಅಷ್ಟೇ. ಹೊಂದುತ್ತೆ, ಇವನೇ ಮಾಡ್ದ ಅಂತಲ್ಲ. ಉಳಿದ ಐವತ್ತೊಂದು ಯಾರಪ್ಪನ ಮನೇದು?"

ಗೇಟಿನಿಂದ ವಾರವಾರ ಹೊರಟ ಐಸಿನ ತೂಕ ತರಿಸಿ, ಸೋರಿಕೆಯ ಎದುರು ಚುಕ್ಕಿ ಇಟ್ಟರು. ಚುಕ್ಕಿಗಳು ಇರುವೆ ಸಾಲಿನಂತೆ ನಿಂತವು. ಪಾಯಿಂಟ್ ಒಂಬತ್ತು ಐದು. ಅದರಿಂದಲೇ ಗುಣಿಸಿದರೆ ನೂರಕ್ಕೆ ತೊಂಬತ್ತು.

"ಹಾಗಾದ್ರೆ ಐಸನ್ನೇ ಒಳಗೆ ಹಾಕೋಣ್ವಾ ಮೇಡಂ?"

"ನೀರಾಗಿ ಓಡಿಹೋಗುತ್ತೆ ಕಣ್ರಿ. ಇದೂ ಬರೀ ಜೊತೆ ನಡಿಗೆ. ಐಸ್ ಹೆಚ್ಚಾಗಿ ಮಷೀನ್ ಮೇಲೆ ಭಾರ ಬಿದ್ದಾಗ ಒಳಗೆ ಯಾರ ಕೈ ಆಡುತ್ತೆ?"

ಮೆಕ್ಯಾನಿಕ್ ತಲೆ ಎತ್ತಲಿಲ್ಲ. "ಒತ್ತಡ ಏರಿದ್ರೆ ಸೇಫ್ಟಿ ವಾಲ್ವ್ ತೆರ್ಕೊಳ್ಳುತ್ತೆ. ಆಗ ಕೆಲಸ ನಿಲ್ಲಿಸ್ಬೇಕು. ಅದು ತೆರೀದಂಗೆ ತಂತಿ ಬಿಗೀತಾರೆ, ಗ್ಯಾಸು ಪೈಪಿನ ಸಂದೀಲಿ ಸೋರುತ್ತೆ. ನಾನು ಬಿಚ್ತೀನಿ, ಮತ್ತೆ ಬಿಗೀತಾರೆ."

"ಯಾರು?"

"ನಾನು ಹೇಳಿದ್ರೆ ನಂಬ್ತಿದ್ರಾ?"

ಇನ್‌ಸ್ಪೆಕ್ಟರ್ ಆ ಕೋಣೆಗೆ ಎಷ್ಟು ಬೀಗದಕೈ ಎಂದು ಕೇಳಿ, ಎರಡು ಎಂದು ಬರೆದುಕೊಂಡರು.

ಮರುದಿನ ಕಾರ್ಖಾನೆಗೆ ದೊಡ್ಡ ಆರ್ಡರ್ ಇತ್ತು. ಮೆಕ್ಯಾನಿಕ್ ಠಾಣೆಯಲ್ಲೇ ಇದ್ದ. ಹತ್ತು ಗಂಟೆಗೆ ಇಬ್ಬರು ಪಂಚರೊಂದಿಗೆ ಇನ್‌ಸ್ಪೆಕ್ಟರ್ ಕಾರ್ಖಾನೆಗೆ ನುಗ್ಗಿದರು. ಕಂಪ್ರೆಸರ್ ಕೋಣೆಗೆ ಬೀಗ ಬಿದ್ದಿತ್ತು; ವಶದಲ್ಲಿದ್ದ ಬೀಗದಕೈಯಿಂದ ತೆಗೆದರು. ಒತ್ತಡದ ಮುಳ್ಳು ಕೆಂಪಿನಲ್ಲಿ ನಡುಗುತ್ತಿತ್ತು. ವಾಲ್ವಿನ ಕೊರಳಿಗೆ ಹೊಳೆಯುವ ಹೊಸ ತಂತಿ.

"ಮಷೀನ್ ನಿಲ್ಸಿ. ಎಲ್ಲರೂ ಆಚೆ ನಡೀರಿ."

ಮುಳ್ಳು ಇಳಿದ ಮೇಲೆ ಪಂಚನಾಮೆ ನಡೆಯಿತು. ಅಳಿಯ ಬಾಗಿಲಲ್ಲಿ ನಿಂತಿದ್ದ.

"ಈ ಕೋಣೆಗೆ ಎರಡು ಬೀಗದಕೈ. ಒಂದು ನನ್ನ ಹತ್ರ ಇದೆ. ಇನ್ನೊಂದು?"

ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಜೇಬಿನಲ್ಲಿ ಕೀಲಿಯ ಜೊತೆ ತುಂಡು ತಂತಿಯೂ ಇತ್ತು.

ಹನ್ನೊಂದು ಹತ್ತಕ್ಕೆ ಬಂಧನ. ಹೇಳಿಕೆಯಲ್ಲಿ ಅವನು ಬರೆಸಿದ್ದು ಇಷ್ಟು: ನೆಂಟರೆಲ್ಲ ಊಟಕ್ಕೆ ಕುಳಿತಿದ್ದಾಗ ಮಾವ, 'ಮನೆ ಅಳಿಯನ ಕೈಲಿ ಒಂದು ಮಷೀನ್ ಓಡ್ಸೋಕಾಗಲ್ಲ' ಎಂದು ನಕ್ಕಿದ್ದರು. ಅಂದಿನಿಂದ ಅವನು ಮಷೀನ್ ನಿಲ್ಲಲು ಬಿಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿದ್ದವಳ ಹೆಸರೇನೆಂದು ಇನ್‌ಸ್ಪೆಕ್ಟರ್ ಕೇಳಿದರು. ಅವನಿಗೆ ಗೊತ್ತಿರಲಿಲ್ಲ.