ಮಡಿಯಾದ ಮಾಸ್ಕ್

ಯೋಗಾನರಸಿಂಹನ ಹತ್ತಿರ ಎರಡನೆಯ ಮಾಸ್ಕ್ ಇರಲಿಲ್ಲ. ಎರಡನೆಯ ರಜೆಯೂ ಇರಲಿಲ್ಲ. ಆ ವರ್ಷ ಉಳಿದಿದ್ದ ಒಂದೇ ರಜೆಯನ್ನು ಶುಕ್ರವಾರ ಹಾಸನದಲ್ಲಿ ಮಗಳು ಹಂಸ ಆಡುವ ಖೋಖೋ ಮ್ಯಾಚಿಗೆಂದು ಎತ್ತಿಟ್ಟಿದ್ದ.

ಅದು ಹಂದಿಜ್ವರದ ವರ್ಷ. ಹೊಳೆನರಸೀಪುರದ ಅವನ ಕಚೇರಿಯಲ್ಲಿ ತಲೆಗೊಂದು ಮಾಸ್ಕ್ ಕೊಟ್ಟು, ಹಾಕದೆ ಬಂದವರಿಗೆ ಹಾಜರಿ ಇಲ್ಲ ಎಂದಿದ್ದರು. ಮೆಡಿಕಲ್ ಸ್ಟೋರುಗಳಲ್ಲಿ ಮಾಸ್ಕ್ ಖಾಲಿ.

"ಮೊಳೆಗೆ ನೇತುಹಾಕು ಪುಟ್ಟಿ" ಎಂದು ಅಪ್ಪ ನಿನ್ನೆ ಸಂಜೆ ಮಾಸ್ಕ್ ಕೊಟ್ಟಿದ್ದ. ಹಂಸ ಕುರ್ಚಿ ಮೇಲೆ ಎಸೆದು ಆಡಲು ಓಡಿದ್ದಳು. ಈಗ, ಒಂಬತ್ತೂಮುಕ್ಕಾಲಿಗೆ, ಅದು ಸೂರಿನ ಕೆಳಗಿನ ಬಿದಿರು ಗಳುವಿನ ಮೇಲೆ ಸರಸಜ್ಜಿಯ ಮಡಿಸೀರೆಯ ಪಕ್ಕ ಒಣಗುತ್ತಿತ್ತು.

"ಕುರ್ಚಿ ಮೇಲೆ ಬಿದ್ದಿತ್ತು ಕಣೋ, ಇಡೀ ದಿನ ಬಾಯಿಗೆ ತಾಗಿದ್ದು, ಎಂಜಲು! ಸೀಗೇಪುಡಿ ಹಾಕಿ ಕುದಿಸಿದೀನಿ. ಮುಟ್ಟಬೇಡ!" ದೇವರಮನೆಯಿಂದ ಅಜ್ಜಿ ಕೂಗಿದಳು.

"ನಂದು ಸ್ನಾನ ಆಗಿದೆ, ಅಮ್ಮ!"

"ಪ್ಯಾಂಟು ಹಾಕ್ಕೊಂಡಿದೀಯಲ್ಲ, ಮೈಲಿಗೆ! ನೂರೆಂಟು ಹೂವಲ್ಲಿ ಐವತ್ತಾಗಿದೆ. ಮಾತಾಡಿಸಿದ್ರೆ ಮತ್ತೆ ಒಂದರಿಂದ ಶುರು."

ಅಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಕಾದ. ಗಡಿಯಾರ ಹತ್ತು ಹೊಡೆಯಿತು.

ಕೊನೆಗೆ ಅಜ್ಜಿ ಬಂದು ಕೋಲಿನಿಂದ ಇಳಿಸಿದಳು. ಬಂದದ್ದು ಎರಡು ಎಲಾಸ್ಟಿಕ್, ಒಂದು ಹಿಡಿ ಜುಂಗು.

"ಇದ್ಯಾವ ಬಟ್ಟೆನೋ, ಒಂದು ಕುದಿಗೇ ಕರಗೋಯ್ತು!"

ಅಪ್ಪ ಖಾಲಿ ಮೊಳೆಯನ್ನು ನೋಡಿದ. ಆಮೇಲೆ ಹಂಸಳನ್ನು ನೋಡಿದ. ಹಂಸ ತನ್ನ ಪಾದ ನೋಡಿಕೊಂಡಳು.

ಅಜ್ಜಿ ಮಡಿಸೀರೆಯನ್ನೇ ಎಳೆದು, ಜರಿ ಸೆರಗಿನಿಂದ ಒಂದು ಗೇಣು ಕತ್ತರಿಸಿದಳು. ಆ ಸೀರೆಯನ್ನು ಮನೆಯಲ್ಲಿ ಇನ್ಯಾರೂ ಬೆರಳಿಂದಲೂ ಮುಟ್ಟಿರಲಿಲ್ಲ. ಅದಕ್ಕೆ ಹಳೆಯ ಎಲಾಸ್ಟಿಕ್ಕನ್ನು ಕೂರಿಸಿ ಹೊಲಿದಳು.

ಹಂಸಳ ಸ್ಕೂಲೂ ಅದೇ ದಾರಿ, ಅವಳೂ ಲೇಟು; ಅಪ್ಪನ ಜೊತೆಗೇ ಹೊರಟಳು. ಕಚೇರಿ ಬಾಗಿಲಲ್ಲಿ ಜವಾನ ಕೆಂಚಯ್ಯ ಕಣ್ಣರಳಿಸಿದ. "ಇದೇನ್ ಸಾ, ಮೂತಿಗೆ ಮದ್ವೆ ಮಾಡ್ಸ್‌ಬುಟ್ರಾ?"

ಒಳಗೆ ಅಧಿಕಾರಿ ಪ್ರೇಮಕುಮಾರಿ ಮೇಡಂ ಮಾಸ್ಕಿನ ಸರ್ಕ್ಯುಲರನ್ನು ಎರಡು ಸಲ ಓದಿದರು. "ಜರಿ ಇರಬಾರದು ಅಂತ ಎಲ್ಲೂ ಬರೆದಿಲ್ಲ. ಬನ್ನಿ. ಆದ್ರೆ ಗಂಟೆ ಹನ್ನೊಂದಾಯ್ತು ಕಣ್ರೀ, ಅರ್ಧ ದಿನ ರಜೆ ಬರೀರಿ."

ಅಪ್ಪ ಬರೆದುಕೊಟ್ಟು, ಹೊರಗೆ ಕಾಯುತ್ತಿದ್ದ ಹಂಸಳ ಬಳಿ ಬಂದ.

"ಇನ್ನರ್ಧ ಇದೆ. ಶುಕ್ರವಾರ ಮಧ್ಯಾಹ್ನ ಬರ್ತೀನಿ."

"ಮಧ್ಯಾಹ್ನ ಫೈನಲ್, ಅಪ್ಪ. ಬೆಳಗ್ಗೆ ಸೋತ್ರೆ ನಾವಿರಲ್ಲ."

"ಹಾಗಾದ್ರೆ ಸೋಲಬೇಡ. ಮತ್ತೆ, ಅರ್ಧ ರಜೆ ಹೋಯ್ತು ಅಂತ ಅಜ್ಜಿಗೆ ಹೇಳ್ಬೇಡ."

"ಮೊಳೆ ವಿಷಯ?"

"ಯಾವ ಮೊಳೆ?" ಎಂದ ಅಪ್ಪ, ಜರಿಯ ಹಿಂದಿನಿಂದ.

ಸಂಜೆ ಅಪ್ಪ ಬಂದಾಗ ಹಂಸ ಬಾಗಿಲಲ್ಲೇ ಕೈ ಚಾಚಿ ನಿಂತಿದ್ದಳು. ಮಾಸ್ಕ್ ಇಸಿದುಕೊಂಡು, ಸ್ಟೂಲ್ ಹತ್ತಿ, ಮೊಳೆಗೆ ಹಾಕಿದಳು. ಬಿಗಿಯಾಗಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದಳು.

ಒಟ್ಟು ಹೋದದ್ದು ಇಷ್ಟು: ಒಂದು ಮಾಸ್ಕ್, ಒಂದು ಗೇಣು ಸೆರಗು, ಅರ್ಧ ದಿನದ ರಜೆ.