ನವಮಿಯಂದು ಎತ್ತಿದ ಶಿಕ್ಕಾ

“ಮೇಜಿನ ಮ್ಯಾಲೇ ಇತ್ತಲ್ಲ, ಎಲ್ಲಿ ಹೋತು?”

ಪುಣೆ ಬಳಿಯ ಚಾಕಣ ಪೊಲೀಸ್ ಠಾಣೆಯ ಪಡಸಾಲೆಯಲ್ಲಿ ನಿಂತಿದ್ದ ಹೆಂಗಸು ಈ ಮಾತನ್ನು ಯಾರನ್ನೂ ಕೇಳಿರಲಿಲ್ಲ. ಕೈಯಲ್ಲಿದ್ದ ತೊಗಲಿನ ಚೀಲವನ್ನು ತಲೆಕೆಳಗು ಮಾಡಿ ಕೊಡವುತ್ತಿದ್ದಳು. ೨೦೦೭ರ ಅಕ್ಟೋಬರ್ ೨೨, ಸೋಮವಾರ, ಬೆಳಗಿನ ಹತ್ತೂವರೆ. ದಸರೆಯ ಮರುದಿನ. ಬಾಗಿಲಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆ ಬಾಡಿತ್ತು.

ಒಳಗೆ ಕೂತಿದ್ದ ಇನ್ಸ್‌ಪೆಕ್ಟರ್ ಬಸವಲಿಂಗ ಕನ್ನಡ ಕೇಳಿ ತಲೆ ಎತ್ತಿದ. ಅಕ್ಕಲಕೋಟೆ ಕಡೆಯವನು, ಮಹಾರಾಷ್ಟ್ರ ಪೊಲೀಸ್ ಸೇರಿ ಹದಿನೈದು ವರ್ಷವಾಗಿದ್ದರೂ ಡ್ಯೂಟಿಯ ಮೇಲೆ ಕನ್ನಡ ಕಿವಿಗೆ ಬೀಳುವುದು ಅಪರೂಪ.

“ಬರ್ರಿ ಒಳಗ. ಏನ್ ಕಳಕೊಂಡೀರಿ?”

“ನನ್ನ ಶಿಕ್ಕಾ, ಸರ್.”

ಅವಳ ಹೆಸರು ನೀಲಿಮಾ. ಧಾರವಾಡದ ಮನೆತನ, ಪುಣೆಯಲ್ಲೇ ಬೆಳೆದವಳು. ಕಾರ್ಖಾನೆಗಳ ಮಾಲನ್ನು ಹೊರಗಿನಿಂದ ಬಂದು ಪರೀಕ್ಷಿಸುವ ತಪಾಸಣೆ ಸಂಸ್ಥೆಯೊಂದರಲ್ಲಿ ಎಂಜಿನಿಯರ್. ಶಿಕ್ಕಾ ಎಂದರೆ ಬೆರಳುದ್ದದ ಉಕ್ಕಿನ ತುಂಡು. ತುದಿಯಲ್ಲಿ ಸಂಸ್ಥೆಯ ಗುರುತು ಮತ್ತು ಅವಳ ಅಂಕಿ ಉಬ್ಬಾಗಿ ಕೊರೆದಿರುತ್ತದೆ. ಪಾಸಾದ ಮಾಲಿನ ಮೇಲೆ ಇಟ್ಟು ಸುತ್ತಿಗೆಯಿಂದ ಒಂದು ಏಟು ಹೊಡೆದರೆ ಗುರುತು ಲೋಹದಲ್ಲಿ ಇಳಿಯುತ್ತದೆ.

ಹವಾಲ್ದಾರ ಕೃಷ್ಣಾಜಿ ನಕ್ಕು ಮರಾಠಿಯಲ್ಲಿ ಅಂದ. “ಸಾಹೇಬ್, ಕಬ್ಬಿಣದ ತುಂಡಿಗೂ ಎಫ್‌ಐಆರಾ? ಗುಜರಿಯವನ ಹತ್ತಿರ ಕಿಲೋಗಟ್ಟಲೆ ಸಿಗುತ್ತದೆ.”

“ಆ ತುಂಡಿನ ಒಂದು ಏಟಿಗೆ ಚೀನಾದ ಬ್ಯಾಂಕು ದುಡ್ಡು ಬಿಡುತ್ತದೆ, ಮಾಮಾ,” ಎಂದಳು ನೀಲಿಮಾ, ಮರಾಠಿಯಲ್ಲೇ. ಕೃಷ್ಣಾಜಿಯ ನಗೆ ನಿಂತಿತು.

ಪಶ್ಚಿಮ ಆಫ್ರಿಕದ ಕರಾವಳಿಯ ಒಂದು ದೇಶದಲ್ಲಿ ಗ್ಯಾಸಿನಿಂದ ವಿದ್ಯುತ್ ತಯಾರಿಸುವ ಸ್ಥಾವರ ಏಳುತ್ತಿತ್ತು. ಹಣ ಚೀನಾದ ಅಭಿವೃದ್ಧಿ ಬ್ಯಾಂಕೊಂದರ ಸಾಲ. ಕಟ್ಟುವವರೂ ಚೀನಾದ ಕಂಪನಿಯವರು. ಸಾಮಾನೆಲ್ಲ ಬಹುಪಾಲು ಅವರ ದೇಶದ್ದೇ. ಅಪಾಯದ ಹೊತ್ತಿನಲ್ಲಿ ಗ್ಯಾಸನ್ನು ತಟ್ಟನೆ ತಡೆಯುವ ಇಪ್ಪತ್ನಾಲ್ಕು ವಾಲ್ವುಗಳನ್ನು ಮಾತ್ರ, ಬೇಗ ಬೇಕೆಂದು, ಚಾಕಣದ ಕುಸುಮ್ ಪ್ರೆಶರ್ ವರ್ಕ್ಸ್‌ಗೆ ವಹಿಸಿದ್ದರು. ಬ್ಯಾಂಕಿನ ಷರತ್ತು ಸರಳವಾಗಿತ್ತು: ಹೊರಗಿನ ತಪಾಸಣೆಯ ಶಿಕ್ಕಾ ಬಿದ್ದ ಮಾಲು ತಿಂಗಳೊಳಗೆ ಹಡಗು ಹತ್ತಬೇಕು, ಆಗಲೇ ಕಂತು.

“ಶಿಕ್ಕಾ ಕಾರ್ಖಾನ್ಯಾಗ ಯಾಕ ಬಿಟ್ರಿ?”

ನೀಲಿಮಾಳ ಮುಖ ಕೆಂಪಾಯಿತು. “ಶನಿವಾರ ಖಂಡೇನವಮಿ ಅಲ್ಲೇನ್ರಿ ಸರ್. ಎಲ್ಲಾರ ಹತಾರ ಪೂಜಾಕ್ಕ ಇಟ್ಟಿದ್ರು. ‘ನಿಮ್ದೂ ಇಡ್ರಿ ತಂಗೀ’ ಅಂದ್ರು, ಇಟ್ಟೆ. ದಸರಾದ ತನಕ ಯಾರೂ ಮುಟ್ಟೂದಿಲ್ಲಲಾ ಅಂತ.”

ಅದೇ ಶನಿವಾರ ಠಾಣೆಯ ಬಂದೂಕುಗಳೂ ಹೂ ಮುಡಿದು ಮಲಗಿದ್ದವು. ಬಸವಲಿಂಗ ತನ್ನ ರಿವಾಲ್ವರಿಗೆ ತಾಯಿ ಶಿವಬಸವ್ವ ಕಟ್ಟಿಕೊಟ್ಟಿದ್ದ ವಿಭೂತಿ ಹಚ್ಚಿದ್ದ. ಭಾರತೀಯ ದಂಡ ಸಂಹಿತೆ ಕಲಂ ೩೭೯ರಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಹನ್ನೆರಡಕ್ಕೆ ಕಾರ್ಖಾನೆಯಲ್ಲಿ ಸ್ಥಳ ಪಂಚನಾಮೆ. ಪರೀಕ್ಷಾ ಕೋಣೆಯ ಮೇಜಿನ ಮೇಲೆ ಪಾನಾ, ಕಾನಸು, ಸುತ್ತಿಗೆಗಳು ಅರಿಶಿನ ಕುಂಕುಮ ಹಚ್ಚಿಸಿಕೊಂಡು ಇನ್ನೂ ಸಾಲಾಗಿದ್ದವು. ನಡುವೆ ಒಂದು ಜಾಗ ಖಾಲಿ. ಬೀಗ ಮುರಿದಿರಲಿಲ್ಲ.

ಕೋಣೆಯ ಮುಖ್ಯಸ್ಥ ಗುರಣ್ಣ ಕೈ ಒರೆಸಿಕೊಳ್ಳುತ್ತ ಬಂದ. ಬೈಲಹೊಂಗಲದವನು, ಐವತ್ತೈದರ ಆಸುಪಾಸು. ಬಸವಲಿಂಗನಿಗೆ ಹೊಸಬನಲ್ಲ. ಪುಣೆಯ ಸ್ವಾರಗೇಟಿನ ಹಿಂದಿನ ಓಣಿಯ ಮಂಟಪದಲ್ಲಿ ಪ್ರತಿ ಸೋಮವಾರ ಸಂಜೆ ವಚನ ಹೇಳುತ್ತಿದ್ದುದು ಇವನೇ. ಪುಸ್ತಕ ಹಿಡಿಯುತ್ತಿರಲಿಲ್ಲ, ತಾಳ ಇರುತ್ತಿರಲಿಲ್ಲ. ಕಣ್ಣು ಮುಚ್ಚಿ ಹೇಳಿದರೆ ಹಿಂದಿನ ಸಾಲಿನಲ್ಲಿ ಕೂತ ಬಸವಲಿಂಗನಿಗೆ ವಾರದ ಹೆಣ, ಹೊಡೆದಾಟ, ಸುಳ್ಳುಸಾಕ್ಷಿ ಎಲ್ಲ ಮೈಯಿಂದ ಇಳಿದು ಹೋದಂತಾಗುತ್ತಿತ್ತು.

“ಅಣ್ಣಾರ, ನೀವೇನ್ರಿ ಇಲ್ಲಿ!”

“ಹೊಟ್ಟಿ ಇಲ್ಲೇ ಅದ ನೋಡ್ರಿ ಸಾಹೇಬ್ರ,” ಎಂದ ಗುರಣ್ಣ. ನಗಲಿಲ್ಲ.

ಮಾಲೀಕ ಮೋಹನದಾಸ್ ತಾನೇ ಚಹಾ ತರಿಸಿದ. “ಮಾಲು ನಿನ್ನೆಯೇ ಹೊರಟಿದೆ ಸಾಹೇಬ್. ನ್ಹಾವಾ ಶೇವಾ ಬಂದರಿನಲ್ಲಿದೆ, ಬುಧವಾರ ಹಡಗು. ಇಪ್ಪತ್ನಾಲ್ಕಕ್ಕೂ ಶಿಕ್ಕಾ ಬಿದ್ದಿದೆ. ಇನ್ನು ಈ ತುಂಡು ಸಿಕ್ಕರೇನು, ಬಿಟ್ಟರೇನು?”

ನೀಲಿಮಾ ಚಹಾದ ಕಪ್ಪನ್ನು ಕೆಳಗಿಟ್ಟಳು. “ನಾನು ಹೊಡೆದದ್ದು ಹದಿನೇಳಕ್ಕೆ.”

ಬಸವಲಿಂಗ ಅವಳತ್ತ ತಿರುಗಿದ.

“ಉಳಿದ ಏಳು ಶುಕ್ರವಾರ ಫೇಲಾಗಿದ್ದವು,” ಎಂದಳು. “ನೀರಿನ ಪರೀಕ್ಷೆಯಲ್ಲಿ ಸೋರಲಿಲ್ಲ. ಗ್ಯಾಸ್ ಬಿಟ್ಟು ಸಾಬೂನು ನೀರು ಹಚ್ಚಿದರೆ ಗುಳ್ಳೆ ಎದ್ದವು. ಸ್ಥಾವರದಲ್ಲಿ ಇವುಗಳ ಪಕ್ಕದಲ್ಲೇ ಮನುಷ್ಯರು ನಿಂತು ಕೆಲಸ ಮಾಡುತ್ತಾರೆ. ಸೋರಿದ ಗ್ಯಾಸಿಗೆ ಒಂದು ಕಿಡಿ ಸಾಕು.”

“ನಿಮಗೆ ಯಾರು ಹೇಳಿದರು ಎಲ್ಲ ಪಾಸಾಯಿತೆಂದು?” ಬಸವಲಿಂಗ ಮೋಹನದಾಸನನ್ನು ಕೇಳಿದ.

“ಶನಿವಾರ ಸಂಜೆ ನೋಡಿದೆ, ಶಿಕ್ಕಾ ಇತ್ತು. ಪ್ಯಾಕ್ ಮಾಡಿಸಿದೆ.”

“ಯಾರು ಹೊಡೆದರೆಂದು ಕೇಳಲಿಲ್ಲವೇ?”

“ಕೇಳಲಿಲ್ಲ.” ಮೋಹನದಾಸ್ ಕಿಟಕಿಯತ್ತ ತಿರುಗಿದ.

ಕಳವಿನ ಪ್ರಕರಣ ಅಲ್ಲಿಗೆ ಖೊಟ್ಟಿ ಮುದ್ರೆಯ ಪ್ರಕರಣವಾಯಿತು. ಹಡಗು ಹೊರಡುವ ಮೊದಲು ಆ ಮಾಲನ್ನು ತಡೆಯಬೇಕಿತ್ತು. ಬಸವಲಿಂಗ ಕಸ್ಟಮ್ಸ್‌ನವರಿಗೆ ಫ್ಯಾಕ್ಸ್ ಕಳಿಸಿ, ಮೇಲಧಿಕಾರಿಗಳ ಒಪ್ಪಿಗೆ ಪಡೆದ.

ಸಂಜೆ ತಾಯಿಯನ್ನು ಕರೆದುಕೊಂಡು ಮಂಟಪಕ್ಕೆ ಹೋದ. ಗುರಣ್ಣ ವಚನ ಹೇಳತೊಡಗಿದ. ಮೂರನೆಯ ಸಾಲಿಗೆ ದನಿ ನಿಂತಿತು. ನೀರು ಕುಡಿದ. ಮತ್ತೆ ಮೊದಲಿಂದ ಹಿಡಿದ. ಅದೇ ಜಾಗಕ್ಕೆ ಬಂದು ನಿಂತ.

“ಗಂಟಲಾ ಆರೇತ್ರಿ,” ಎಂದು ಎದ್ದ.

“ಪಾಪ, ನವರಾತ್ರಿ ಉಪಾಸ ಮಾಡಿರಬೇಕು,” ಎಂದಳು ಶಿವಬಸವ್ವ. ಬಸವಲಿಂಗನೂ ಹಾಗೇ ಅಂದುಕೊಂಡ.

ಮಂಗಳವಾರ ಬೆಳಿಗ್ಗೆ ಬಂದರಿನ ಗೋದಾಮಿನಲ್ಲಿ ಇಬ್ಬರು ಪಂಚರ ಎದುರು ಕಂಟೇನರಿನ ಮೊಹರು ಒಡೆಯಲಾಯಿತು. ಕಟ್ಟಿಗೆಯ ಪೆಟ್ಟಿಗೆಗಳನ್ನು ಬಿಚ್ಚಿ ವಾಲ್ವುಗಳನ್ನು ಸಾಲಾಗಿ ನಿಲ್ಲಿಸಿದರು. ಎಲ್ಲದರ ಮೇಲೂ ಒಂದೇ ಗುರುತು. ತುಕ್ಕು ಹಿಡಿಯದಂತೆ ಮೇಲೆ ಬಳಿದ ವಾರ್ನಿಷ್. ನೀಲಿಮಾ ವಾಲ್ವುಗಳ ಕ್ರಮಸಂಖ್ಯೆ ನೋಡಿ ಏಳನ್ನು ಬೇರೆ ಇಟ್ಟಳು.

“ಕೊನೇದರಾಗ ನೋಡ್ರಿ, ಅಕ್ಷರದ ಮೂಲಿ ಚಕ್ಕಿ ಎದ್ದದ. ಓರೆ ಹೊಡದಾರ, ಶಿಕ್ಕಾ ಮುರದದ. ಅದಕ್ಕ ವಾಪಸ್ ಇಡಲಿಲ್ಲ. ಇಟ್ಟಿದ್ರ ನನಗ ತಿಳೀತಿತ್ತು.”

ಬಸವಲಿಂಗ ಬಗ್ಗಿದ. ಚಕ್ಕೆ ಎದ್ದ ಮೂಲೆಗಿಂತ ಬೇರೆ ಏನೋ ಕಣ್ಣಿಗೆ ಬಿತ್ತು. ಅಕ್ಷರಗಳ ಗುಣಿಯಲ್ಲಿ, ವಾರ್ನಿಷಿನ ಅಡಿಯಲ್ಲಿ, ಬೆಳ್ಳನೆಯ ಸಣ್ಣ ಪುಡಿ. ಏಳರಲ್ಲೂ. ಹದಿನೇಳರಲ್ಲಿ ಇರಲಿಲ್ಲ.

“ಖಡೂ ಇರಬೇಕು,” ಎಂದ ಕೃಷ್ಣಾಜಿ. ಕಾರ್ಖಾನೆಯಲ್ಲಿ ಸೀಮೆಸುಣ್ಣಕ್ಕೆ ಬರವೇ?

ಬಸವಲಿಂಗ ಬಹಳ ಹೊತ್ತು ನೋಡಿದ. ಆಮೇಲೆ ಸೊಂಟದ ರಿವಾಲ್ವರ್ ತೆಗೆದು ಹಿಡಿಕೆಯನ್ನು ಬೆಳಕಿಗೆ ಹಿಡಿದ. ಶನಿವಾರ ಹಚ್ಚಿದ್ದು, ಒರೆಸಿದರೂ ಗೀರುಗಳಲ್ಲಿ ಉಳಿದಿತ್ತು. ಅದೇ ಬೂದು ಬಿಳುಪು.

ಮರಾಠಿ ಮಂದಿ ಹತಾರಕ್ಕೆ ಅರಿಶಿನ ಕುಂಕುಮ ಏರಿಸುತ್ತಾರೆ. ಮೇಜಿನ ಮೇಲೆ ಇದ್ದದ್ದೂ ಅದೇ. ಶಿಕ್ಕಾದ ಮುಖಕ್ಕೆ ಯಾರೋ ಆಮೇಲೆ, ಹೊಡೆಯುವ ಮುಂಚೆ, ವಿಭೂತಿ ಹಚ್ಚಿದ್ದರು. ಕದ್ದು ಹೊಡೆಯುವವನು ಪೂಜೆ ಮಾಡಿ ಹೊಡೆಯುತ್ತಾನೆಯೇ? ಒಬ್ಬ ಮಾಡುತ್ತಾನೆ. ನವಮಿಯ ದಿನ ಮಲಗಿಸಿದ ಆಯುಧವನ್ನು ಎಬ್ಬಿಸಬಾರದೆಂದು ಎಳವೆಯಿಂದ ಕೇಳಿದವನು, ಎಬ್ಬಿಸಲೇಬೇಕಾಗಿ ಬಂದರೆ, ಅದರ ಅಪ್ಪಣೆ ಕೇಳದೆ ಕೈ ಎತ್ತಲಾರ.

“ಕಾರ್ಖಾನೆಯಲ್ಲಿ ವಿಭೂತಿ ಹಚ್ಚುವವರು ಎಷ್ಟು ಮಂದಿ?” ಫೋನಿನಲ್ಲಿ ಮೋಹನದಾಸನನ್ನು ಕೇಳಿದ.

“ಇಬ್ಬರು. ಸ್ಟೋರಿನ ಮಹಾಲಿಂಗ ಹಬ್ಬಕ್ಕೆಂದು ಶುಕ್ರವಾರವೇ ನಿಪ್ಪಾಣಿಗೆ ಹೋದ. ಇನ್ನೊಬ್ಬ ಗುರಣ್ಣ. ಸಾಹೇಬ್, ಆ ಏಳು ನೀವು ಇಟ್ಟುಕೊಳ್ಳಿ. ಪೆಟ್ಟಿಗೆ ಮುಚ್ಚಿಸಿ ಉಳಿದದ್ದನ್ನು…”

“ಪ್ರಯೋಗಾಲಯದ ವರದಿ ಬರುವ ತನಕ ಯಾವುದೂ ಹೋಗುವುದಿಲ್ಲ.”

ನಿಪ್ಪಾಣಿ ಪೊಲೀಸರು ಮಹಾಲಿಂಗ ಮೂರು ದಿನವೂ ಊರಲ್ಲೇ ಇದ್ದನೆಂದು ತಿಳಿಸಿದರು.

“ಸಾಹೇಬ್, ಗುರುತಿನವನೇ?” ಮರಳುವ ದಾರಿಯಲ್ಲಿ ಕೃಷ್ಣಾಜಿ ಕೇಳಿದ.

“ದನಿಯ ಗುರುತು,” ಎಂದ ಬಸವಲಿಂಗ.

ಸಂಜೆ ಐದಕ್ಕೆ ಗುರಣ್ಣನ ಮನೆಯಲ್ಲಿ ಜಪ್ತಿ ಪಂಚನಾಮೆ. ಎರಡು ಕೋಣೆ, ಒಂಟಿ ಮನುಷ್ಯ. ಹುಡುಕುವ ಕೆಲಸವೇ ಬೀಳಲಿಲ್ಲ. ಬಸವಲಿಂಗ ಬೂಟು ಬಿಟ್ಟು ನೇರ ದೇವರ ಜಗಲಿಯ ಮುಂದೆ ಹೋಗಿ ನಿಂತ. ಬಿಳಿ ಬಟ್ಟೆಯಲ್ಲಿ ಸುತ್ತಿದ ಶಿಕ್ಕಾ ದೀಪದ ಪಕ್ಕದಲ್ಲಿತ್ತು. ಮೂಲೆ ಮುರಿದಿತ್ತು.

“ಇಂದ್ರಾಯಣಿ ಹೊಳಿಗೆ ಒಗದಿದ್ರ ನಾ ಹುಡುಕಿದ್ರೂ ಸಿಗತಿರಲಿಲ್ಲ, ಅಣ್ಣಾರ.”

“ಪೂಜಾ ಆದ ಹತಾರ ಹೆಂಗ ಒಗೀಲಿ?”

“ಯಾರ ಹೇಳಿದ್ರು ಹೊಡೀಲಿಕ್ಕೆ?”

“ಯಾರೂ ಇಲ್ಲ.”

“ಮೋಹನದಾಸ ಶೇಠ್ರು?”

“ಹಡಗ ತಪ್ಪಿದ್ರ ಗೇಟಿಗೆ ಕೀಲಿ ಹಾಕತೀನಿ ಅಂದ್ರು, ಎಲ್ಲಾರ ಮುಂದ. ಹೊಡಿ ಅನ್ನಲಿಲ್ಲ.”

“ಯಾವಾಗ ಹೊಡದ್ರಿ?”

“ಶನಿವಾರ ಮಧ್ಯಾಹ್ನ. ಮಂದಿ ಹೋಳಿಗಿ ಊಟಕ್ಕ ಹೋಗಿದ್ರು.”

“ವಿಭೂತಿ?”

“ನವಮಿ ದಿನ ಎತ್ತಬಾರದಾಗಿತ್ತು. ಎತ್ತಿದ್ನಿ. ತಪ್ಪಾತು ಅಂತ ಕೇಳಕೊಂಡ್ನಿ.”

“ಯಾರನ್ನ?”

“ಶಿಕ್ಕಾನ.”

“ವಾಲ್ವಿನ ಬಾಜೂ ನಿಂದ್ರೋ ಆ ಊರಿನ ಮಂದೀನ?”

ಗುರಣ್ಣ ಗೋಡೆಗೆ ಕೈ ಊರಿ ಕೂತುಬಿಟ್ಟ. ಸಾಯಂಕಾಲ ಆರು ಇಪ್ಪತ್ತಕ್ಕೆ ಬಂಧನ ದಾಖಲಾಯಿತು. ಮರುದಿನ ನ್ಯಾಯಾಲಯ ಪೊಲೀಸ್ ಕಸ್ಟಡಿಗೆ ಕೊಟ್ಟಿತು. ಅದೇ ದಿನ ಆ ಮಾಲಿಲ್ಲದೆ ಹಡಗು ಹೋಯಿತು.

ತನಿಖೆಯಲ್ಲಿ ಸಿಕ್ಕ ಉಳಿದ ವಿವರ ಇಷ್ಟೇ. ಗುರಣ್ಣ ಮೊದಲು ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿದ್ದ. ತೊಂಬತ್ತಾರರಲ್ಲಿ ಅದಕ್ಕೆ ಬೀಗ ಬಿತ್ತು. ಇಂದು ತೆಗೆದಾರು, ನಾಳೆ ತೆಗೆದಾರು ಎಂದು ಎರಡು ವರ್ಷ ಡಬ್ಬಿ ಕಟ್ಟಿಕೊಂಡು ಹೋಗಿ ಗೇಟಿನ ಎದುರು ಕೂತು ಬರುತ್ತಿದ್ದ. ಹೆಂಡತಿ ಗೋದಾ ಕೆಲಸಕ್ಕೆ ಹೋದನೆಂದೇ ತಿಳಿದು ಪ್ರತಿ ಬೆಳಿಗ್ಗೆ ರೊಟ್ಟಿ ಬಡಿದು ಕೊಟ್ಟಳು. ಹಾಗೆ ತಿಳಿದೇ ತೀರಿಕೊಂಡಳು. ಇನ್ನೊಂದು ಗೇಟಿಗೆ ಬೀಗ ಬೀಳುವುದನ್ನು ಆತ ನೋಡಲಾರದವನಾಗಿದ್ದ. ಆಫ್ರಿಕದ ಸ್ಥಾವರ ಅವನ ಮಟ್ಟಿಗೆ ಪೆಟ್ಟಿಗೆಯ ಮೇಲೆ ಬರೆದ ಒಂದು ಊರಿನ ಹೆಸರು. ಗೇಟು ದಿನಾ ಕಾಣುವಂಥದ್ದು.

ಮುಂದಿನ ಸೋಮವಾರ ಚೀನಾದ ಕಂಪನಿ ಆ ಕೆಲಸವನ್ನು ತನ್ನ ದೇಶದ ಕಾರ್ಖಾನೆಗೆ ಕೊಟ್ಟ ಸುದ್ದಿ ಬಂತು. ಬ್ಯಾಂಕಿಗೆ ಅದರಿಂದ ಅಡ್ಡಿಯಿರಲಿಲ್ಲ. ಕುಸುಮ್ ಪ್ರೆಶರ್ ವರ್ಕ್ಸ್‌ನ ಗೇಟಿಗೆ ಮುಚ್ಚುವ ನೋಟೀಸು ಅಂಟಿಸಿದ್ದನ್ನು ಬಸವಲಿಂಗ ಠಾಣೆಗೆ ಬರುವಾಗ ನೋಡಿದ್ದ. ಹೊರಗೆ ನಿಂತ ಮಂದಿ ಅವನ ಜೀಪಿನತ್ತ ನೋಡಿದ್ದರು. ಅವರ ಕಣ್ಣು ತಪ್ಪಿಸಿ ಬಂದಿದ್ದ. ಏಳು ವಾಲ್ವುಗಳು ಠಾಣೆಯ ಜಪ್ತಿ ಮಾಲಿನ ಕೋಣೆಯಲ್ಲಿದ್ದವು. ದೂರದ ಯಾವುದೋ ಊರಲ್ಲಿ ಯಾರೋ ಒಬ್ಬ ಬದುಕಿ ಉಳಿಯುತ್ತಾನೆ. ಅವನಿಗೆ ಇದು ಎಂದೂ ತಿಳಿಯುವುದಿಲ್ಲ. ಸರಿಯಾದದ್ದನ್ನೇ ಮಾಡಿದೆ ಎಂದು ಎಷ್ಟು ಸಲ ಹೇಳಿಕೊಂಡರೂ ಎದೆ ಹಗುರಾಗಲಿಲ್ಲ.

ಸಂಜೆ ಮಂಟಪದ ಹೊತ್ತಿಗೆ ತಾಯಿ ಕೊಟ್ಟ ರೊಟ್ಟಿ ಪಲ್ಯದ ಗಂಟು ಹಿಡಿದು ಲಾಕಪ್ಪಿನ ಮುಂದೆ ಬಂದ. ಗುರಣ್ಣ ಎದ್ದು ಕೂತ. ಹಣೆ ಖಾಲಿಯಿತ್ತು.

“ಅವ್ವ ಇವತ್ತ ಮಂಟಪಕ್ಕ ಹೋಗಲಿಲ್ರಿ. ವಚನ ಹೇಳವ್ರು ಯಾರ ಅದಾರ ಅಂದ್ಲು.”

ಗುರಣ್ಣ ರೊಟ್ಟಿ ಮುರಿದ, ಬಾಯಿಗೆ ಒಯ್ಯಲಿಲ್ಲ.

ಬಸವಲಿಂಗ ಟೋಪಿ ತೆಗೆದು ಸರಳಿನ ಈಚೆ ನೆಲದ ಮೇಲೇ ಕೂತ. ಕೃಷ್ಣಾಜಿ ರೇಡಿಯೋ ಆರಿಸಿ ಹೊರಗೆ ಹೋದ.

“ಅಣ್ಣಾರ, ಒಂದ ವಚನ ಹೇಳ್ರಿ. ಅವತ್ತ ನಿಂತದ್ದ ಹೇಳ್ರಿ. ನನ್ನ ಸಲುವಾಗಿ.”

“ಇಲ್ರಿ ಸಾಹೇಬ್ರ,” ಎಂದ ಗುರಣ್ಣ. “ಹೇಳೂದಿಲ್ಲ.”