ಖಾಲಿ ಬಿಟ್ಟ ಹಾರ್ನಿನ ಜಾಗ

"ಬಿಚ್ಚೋದಾದ್ರೆ ಬಿಚ್ಕೊಳ್ಳಿ ಮೇಷ್ಟ್ರೇ, ಆದ್ರೆ ಆ ಜಾಗ ಖಾಲಿ ಬಿಡ್ಬೇಡಿ. ನಿಮ್ಮ ಕೆಟ್ಟ ಹಾರ್ನನ್ನೇ ಅಲ್ಲಿ ಕಟ್ಟಿಟ್ಟು ಹೋಗಿ," ಎಂದಳು ಗುಜರಿ ಅಂಗಡಿಯ ಅಜ್ಜಿ.

ಮೇಷ್ಟ್ರು ನಕ್ಕುಬಿಟ್ಟರು. ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು ಅವರು, ಊರಿಗೆ ಬಂದು ಮೂರು ತಿಂಗಳೂ ತುಂಬಿರಲಿಲ್ಲ. ಬ್ರೇಕು ಕ್ಲಚ್ಚು ಬಿಟ್ಟರೆ ತನಗೆ ಬೇರೆ ದೇವರಿಲ್ಲ ಎಂದು ಶಿಷ್ಯರ ಮುಂದೆ ಜಂಬ ಕೊಚ್ಚುವ ಆಸಾಮಿ. ಅಂಥವರಿಗೆ ಅಜ್ಜಿಯ ಮಾತು ಎಲ್ಲಿ ನಾಟೀತು?

ಪಾಪ, ಅವರ ಪಾಡೂ ಹಾಗಿತ್ತು. ತೀರಿಹೋದ ಹೆಂಡತಿ ಓಡಿಸುತ್ತಿದ್ದ ಹಳೇ ಕಾರು. ಕಂಪನಿ ಆ ಮಾಡೆಲ್ಲನ್ನೇ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಹಾರ್ನು ಕೆಟ್ಟಾಗ ಪೇಟೆಯಿಂದ ಹೊಸದು ತಂದು ಕೂರಿಸಿದರು. ಏಳು ವರ್ಷದ ಮಗಳು ಬಾಗಿಲಿಗೂ ಬರಲಿಲ್ಲ. ಇದು ಅಮ್ಮನ ಕಾರಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಹಳೆಯ ಹಾರ್ನಿನ ದನಿ ಕೇಳಿದರೆ "ಅಪ್ಪಾ" ಎಂದು ಕೂಗುತ್ತ ಮೆಟ್ಟಿಲಿಳಿದು ಓಡಿಬರುತ್ತಿದ್ದ ಹುಡುಗಿ ಅದು. ಅದಕ್ಕೇ ಮೇಷ್ಟ್ರು ಆರು ಗುಜರಿ ಅಂಗಡಿ ಅಲೆದು, ಚಪ್ಪಲಿ ಸವೆಸಿ, ಏಳನೆಯದರಲ್ಲಿ ಅದೇ ಮಾಡೆಲ್ಲಿನ, ಅದೇ ವರ್ಷದ ಕಾರನ್ನು ಹುಡುಕಿ ತೆಗೆದಿದ್ದರು.

ಅದು ತಗಡಿನ ಶೆಡ್ಡಿನ ತುದಿಯಲ್ಲಿತ್ತು. ನಡುಮಧ್ಯಾಹ್ನದಲ್ಲೂ ಅಲ್ಲಿ ಕತ್ತಲು. ಕಮಟು ಎಣ್ಣೆ, ತುಕ್ಕು, ಇಲಿಯ ಉಚ್ಚೆ, ಕೊಳೆತ ಸೀಟು, ಎಲ್ಲ ಕಲೆತ ನಾತ ಗಂಟಲಿಗೇ ಇಳಿಯುತ್ತಿತ್ತು. ಸ್ಟಿಯರಿಂಗಿಗೆ ಹೆಂಗಸಿನ ಉದ್ದ ಕೂದಲು ಸುತ್ತಿತ್ತು. ಬಾನೆಟ್ಟಿಗೆ ಮೊಳೆ ಹೊಡೆದು ಕಪ್ಪು ದಾರ ಬಿಗಿದಿದ್ದರು.

ಅಜ್ಜಿ ಒಳಗೆ ಕಾಲಿಡದೆ, ಹೊರಗಿನಿಂದಲೇ ಅದರ ಕತೆ ಹೇಳಿದಳು. ಒಂದು ಮಗು ಆ ಕಾರಿನೊಳಗೆ ಸಿಕ್ಕಿಕೊಂಡಿತ್ತಂತೆ. ಬಾಗಿಲು ತೆಗೆಯಲು ಬರದೆ, ಬ್ಯಾಟರಿ ಮುಗಿಯುವತನಕ ಹಾರ್ನು ಒತ್ತಿತಂತೆ. ಇದ್ಯಾವ ಪೀಡೆಯಪ್ಪಾ ಎಂದು ಬೀದಿಯವರೆಲ್ಲ ಕಿಟಕಿ ಮುಚ್ಚಿಕೊಂಡರಂತೆ. ಮಗು ಉಳಿಯಲಿಲ್ಲ. ತಾಯಿ ಮಾಟ ಮಾಡಿಸಿ ಕಾರಿಗೆ ಶಾಪ ಕಟ್ಟಿದಳು: ಇದರಿಂದ ಏನು ಬಿಚ್ಚಿದರೂ, ಆ ಜಾಗಕ್ಕೆ ಹೊಂದುವಂಥದ್ದು ಬಿಚ್ಚಿದವನ ಮನೆಯಿಂದಲೇ ಬರಲಿ. ಅಂದಿನಿಂದ ಯಾರು ಏನು ಬಿಚ್ಚಿದರೂ ತಮ್ಮ ಕೆಟ್ಟ ಸಾಮಾನನ್ನು ಆ ಜಾಗದಲ್ಲಿ ಕಟ್ಟಿ, ಶಾಪದ ಬಾಯಿ ಮುಚ್ಚಿಸಿ ಹೋಗುತ್ತಿದ್ದರು.

"ಶಾಪಕ್ಕೂ ಸ್ಪೇರ್ ಪಾರ್ಟ್ಸ್ ಬೇಕೇನಜ್ಜಿ?" ಎಂದರು ಮೇಷ್ಟ್ರು.

ಆದರೂ ಚೀಲದಲ್ಲಿದ್ದ ಹಳೇ ಹಾರ್ನನ್ನು ಒಮ್ಮೆ ಸವರಿ ನೋಡಿದರು. ಹೆಂಡತಿಯ ಕೈ ಅದನ್ನು ಎಷ್ಟು ಸಲ ಕೂಗಿಸಿತ್ತೋ ಏನೋ. ಈ ಕೊಳಕಿನಲ್ಲಿ ಬಿಟ್ಟುಬರಲು ಕರುಳು ಒಪ್ಪಲಿಲ್ಲ. ಸ್ಪ್ಯಾನರ್ ಹಾಕಿ ಬಿಚ್ಚಿದರು, ಜಾಗ ಖಾಲಿ ಬಿಟ್ಟು ಹೊರಟರು.

ಸಂಜೆ ಅದನ್ನು ತಮ್ಮ ಕಾರಿಗೆ ಕೂರಿಸಿ, ಮನೆಯ ಮುಂದೆ ನಿಲ್ಲಿಸಿ ಹಾರ್ನು ಒತ್ತಿದರು. ಅದೇ ದನಿ. ಮಗಳು ಓಡಿಬಂದಳು. ಮೆಟ್ಟಿಲಿಳಿದಳು. ಬಾಯಿ ತೆರೆದಳು. ದನಿ ಹೊರಬರಲಿಲ್ಲ. ತುಟಿ ಆಡುತ್ತಿತ್ತು. ಕತ್ತಿನ ನರ ಉಬ್ಬಿತ್ತು. ಸದ್ದಿಲ್ಲ. ಮಗು ತನ್ನ ಗಂಟಲನ್ನು ತಾನೇ ಹಿಡಿದುಕೊಂಡು ಅಪ್ಪನ ಮುಖ ನೋಡಿತು. ಅತ್ತದ್ದೂ ಕೇಳಲಿಲ್ಲ.

ಗಂಟಲಲ್ಲಿ ಯಾವ ತೊಂದರೆಯೂ ಇಲ್ಲ ಎಂದರು ಡಾಕ್ಟರು. ಮರುದಿನ ಬೆಳಗಾಗುತ್ತಲೇ ಮೇಷ್ಟ್ರು ಶೆಡ್ಡಿಗೆ ಓಡಿದರು. ಬಾನೆಟ್ಟು ಎತ್ತಿದರು. ತಮ್ಮ ಕಾರಿನಿಂದ ಬಿಚ್ಚಿ ತಂದ ಹಾರ್ನನ್ನು ಮೊದಲು ಇದ್ದಲ್ಲೇ ಇಟ್ಟರು. ಬೋಲ್ಟು ಹತ್ತಲಿಲ್ಲ. ಒತ್ತಿದರು. ಕೂರಲಿಲ್ಲ. ನಿನ್ನೆ ಅಲ್ಲಿಂದಲೇ ಬಿಚ್ಚಿದ್ದು, ಇವತ್ತು ಹೊಂದಲಿಲ್ಲ. ಹೆಂಡತಿಯ ಹಾರ್ನನ್ನೂ ಇಟ್ಟು ನೋಡಿದರು. ಅದೂ ಇಲ್ಲ. ಸ್ಪ್ಯಾನರ್ ಜಾರಿತು. ಆಗ ಆ ಖಾಲಿ ಜಾಗದಿಂದ, ಕತ್ತಲೊಳಗಿಂದ, ಮಗಳ ದನಿ ಬಂತು.

"ಅಪ್ಪಾ."

ಮೇಷ್ಟ್ರು ಆ ಜಾಗಕ್ಕೆ ಕೈ ತೂರಿಸಿ ತಡಕಾಡಿದರು. ಅಜ್ಜಿ ಮೊದಲ ಸಲ ಶೆಡ್ಡಿನೊಳಗೆ ಬಂದು ಅವರ ಭುಜ ಹಿಡಿದಳು. ಅವಳ ಕಣ್ಣೂ ತುಂಬಿತ್ತು.

"ಆ ಜಾಗ ತುಂಬಿಹೋಯ್ತಪ್ಪ. ಇನ್ನು ಏನು ತಂದ್ರೂ ಹಿಡಿಯಲ್ಲ," ಎಂದಳು.

ಈಗ ಮೇಷ್ಟ್ರು ದಿನಾ ಕೆಲಸ ಮುಗಿಸಿ ಮಗಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಅವಳು ಆ ಕೊಳೆತ ಸೀಟಿನಲ್ಲಿ ಕೂತು ಸ್ಟಿಯರಿಂಗಿನ ನಡುವೆ ಅಂಗೈ ಒತ್ತುತ್ತಾಳೆ. ಬ್ಯಾಟರಿಯೇ ಇಲ್ಲದ ಕಾರು ಅವಳ ದನಿಯಲ್ಲಿ ಅಪ್ಪಾ ಎಂದು ಕರೆಯುತ್ತದೆ. ಬಾಗಿಲು ಮುಚ್ಚದಂತೆ ಕಾಲು ಅಡ್ಡವಿಟ್ಟು ನಿಂತ ಮೇಷ್ಟ್ರು ಕರೆದಷ್ಟು ಸಲವೂ ಓಗೊಡುತ್ತಾರೆ.

"ಇಲ್ಲೇ ಇದೀನಿ ಕಂದ."